ಅಗಲ ನೆಗೆಟಿವ್‌ಗೆ ಹಿಡಿಸುವ ಯಂತ್ರ

ಮಂದಿಯ ದನಿ, ನಡಿಗೆ, ಕೆಮ್ಮು, ಮೂಗು ಒರೆಸುವ ರೀತಿ ಎಲ್ಲವೂ ನನಗೆ ಸಲೀಸು. ನಮ್ಮ ಗಲ್ಲಿಯಲ್ಲಿ ನನ್ನ ನಕಲಿಗೆ ಸಿಗದೆ ಉಳಿದವರು ಕಡಿಮೆ. ಉಳಿದವರಿಗೆ ಅದೇ ಬೇಜಾರು. ಕನ್ನಡಿಯ ಮುಂದೆ ನಿಂತು ನನ್ನನ್ನೇ ನಕಲು ಮಾಡಿ ನೋಡಿದ್ದೂ ಉಂಟು, ಅದೊಂದು ಐಟಂ ಮಾತ್ರ ಯಾಕೋ ಏಳಲಿಲ್ಲ. ಆದರೆ ನಾನು ಮೊಟ್ಟಮೊದಲು ನಕಲು ಮಾಡಿದ್ದು ಮನುಷ್ಯರನ್ನಲ್ಲ, ಒಂದು ಫೋಟೋವನ್ನು.

ಹಡಪಸರದ ನಮ್ಮ ಎರಡು ಖೋಲಿಯ ಮನೆಯಲ್ಲಿ, ಜೋಳದ ಡಬ್ಬಿಯ ಮೇಲ್ಗಡೆ, ಅಕ್ಕನ ಫೋಟೋ ತೂಗುತ್ತಿತ್ತು. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು, ಆರು ವರ್ಷದವಳಿದ್ದಾಗ, ಜ್ವರ ಬಂದು ತೀರಿಕೊಂಡವಳು. ಕಪ್ಪುಬಿಳುಪು ಫೋಟೋ. ಎರಡು ಜಡೆ, ರಿಬ್ಬನ್ನು, ಹಣೆತುಂಬ ವಿಭೂತಿ, ಗದ್ದಕ್ಕೆ ತಾಗುವಷ್ಟು ಎತ್ತರದ ನಿರಿಗೆಯ ಕೊರಳಪಟ್ಟಿ ಇರುವ ಫ್ರಾಕು. ಗದ್ದ ಒಂಚೂರು ಮೇಲಕ್ಕೆ. ಇನ್ನು ಕಣ್ಣು! ಬಸ್ಸಿನಲ್ಲಿ ತಿಕೀಟಿಲ್ಲದೆ ಕೂತವರು ತಪಾಸಣೆಯವನನ್ನು ಕಂಡಾಗ ಬಿಡುತ್ತಾರಲ್ಲ, ಅಂಥ ಕಣ್ಣು. ಅಗಲಕ್ಕೆ ತೆರೆದು, ಮಿಟುಕಿಸದೆ, ಯಾರೋ ‘ಹಂಗೇ ಹಿಡಿ’ ಎಂದು ಹೇಳಿಟ್ಟಂತೆ.

ನಾಲ್ಕು ವರ್ಷದವನಿದ್ದಾಗ ಒಂದು ದಿನ ಅದರ ಕೆಳಗೆ ನಿಂತು ಗದ್ದ ಎತ್ತಿ, ಕಣ್ಣು ಅರಳಿಸಿ, ಕೊರಳು ಬಿಗಿಹಿಡಿದು ನಿಂತೆನಂತೆ. ಮನೆಗೆ ಬಂದಿದ್ದ ಹೆಣ್ಣುಮಕ್ಕಳು ಬಿದ್ದುಬಿದ್ದು ನಕ್ಕರಂತೆ. ಅಲ್ಲಿಂದ ಶುರು. ಯಾರು ಬಂದರೂ ‘ಏ ತಮ್ಮಾ, ಫೋಟೋದಕ್ಕನ್ನ ಮಾಡಿ ತೋರ್ಸು’ ಎನ್ನುವುದು, ನಾನು ತೋರಿಸುವುದು. ಕೊನೆಗೆ ಎರಡೇ ಎರಡು ಸಲ ರೆಪ್ಪೆ ಬಡಿದು ಮುಗಿಸುತ್ತಿದ್ದೆ. ಫೋಟೋಗೆ ಜೀವ ಬಂದಂತೆ ಕಾಣುವ ಆ ಜಾಗದಲ್ಲೇ ಜೋರು ನಗು. ಅವ್ವನೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಕ್ಕು, ‘ಒಲಿ ಮ್ಯಾಲ ಹಾಲದ’ ಎಂದು ಎದ್ದು ಒಳಗೆ ಹೋಗುತ್ತಿದ್ದಳು. ನಮ್ಮ ಮನೆಯಲ್ಲಿ ಅಷ್ಟು ಹಾಲು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆ ನನ್ನ ತಲೆಗೆ ಹೊಳೆದದ್ದು ಈ ವರ್ಷ.

ಅಪ್ಪ ಮಾತ್ರ ಆ ಫೋಟೋದ ಕಡೆಗೆ ಬೆನ್ನು ಮಾಡಿ ಊಟಕ್ಕೆ ಕೂಡುತ್ತಿದ್ದ. ಅಪ್ಪ ಗವಂಡಿ, ಕಲಬುರಗಿ ಕಡೆಯಿಂದ ಬಂದು ಈ ಮರಾಠಿ ಊರಿನಲ್ಲಿ ಎಷ್ಟು ಗೋಡೆ ಕಟ್ಟಿದ್ದಾನೋ ಅವನಿಗೇ ಗೊತ್ತಿಲ್ಲ. ‘ಅಪ್ಪಗ ಮಗಳ ಕಣ್ಣಂದ್ರ ಹೆದ್ರಿಕಿ’ ಎಂದು ನಾನು ಚಾಷ್ಟಿ ಮಾಡುತ್ತಿದ್ದೆ. ಅವನು ತನ್ನಷ್ಟಕ್ಕೆ ರೊಟ್ಟಿ ಮುರಿಯುತ್ತಿದ್ದ.

ಹೋದ ಮಳೆಗಾಲದಲ್ಲಿ ಮೇಲಿನ ಮನೆಯವರ ಮೋರಿಯ ನೀರು ನಮ್ಮ ಗೋಡೆಯೊಳಗೆ ಇಳಿಯಿತು. ಊರ ಮಂದಿಯ ಗೋಡೆ ಕಟ್ಟಿದ ಗವಂಡಿಯ ಮನೆಯ ಗೋಡೆಯೇ ಸೋರಿದ್ದನ್ನು ಹೇಳಿ ನಾನು ಎರಡು ದಿನ ನಕ್ಕೆ. ಮೂರನೆಯ ದಿನ ಅವ್ವ ಫೋಟೋ ಕೆಳಗಿಳಿಸಿದಳು. ಗಾಜಿನೊಳಗೆ ನೀರು ಹೊಕ್ಕಿತ್ತು. ಜಡೆ ಇತ್ತು, ರಿಬ್ಬನ್ನಿತ್ತು, ವಿಭೂತಿಯ ಗೆರೆಗಳೂ ಇದ್ದವು. ಕಣ್ಣು ಮಾತ್ರ ಕರಗಿ, ಕಪ್ಪು ಕೆನ್ನೆಗೆ ಇಳಿದಿತ್ತು. ಅವ್ವ ಸೆರಗಿನ ತುದಿಯಿಂದ ಒರೆಸಿದಳು. ಉಳಿದದ್ದೂ ಹೋಯಿತು.

‘ಕಣ್ಣು ಹೋದ್ವು’ ಎಂದಳು.

‘ನಮ್ಮನಿ ಕಾರಭಾರ ನೋಡಿ ನೋಡಿ ದಣದಾಳವ್ವಾ. ಜರಾ ಕಣ್ಣು ಮುಚ್ಚ್ಯಾಳ, ಮಲ್ಕೊಳ್ಳಿ ಬಿಡು.’

ಇಂಥ ಮಾತಿಗೆ ಅವ್ವ ಕೈಗೆ ಸಿಕ್ಕದ್ದನ್ನು ಎಸೆಯುವವಳು. ಲಟ್ಟಣಿಗೆ, ಚಪ್ಪಲಿ, ಒಮ್ಮೆ ಬದನೆಕಾಯಿ. ಅಂದು ಏನೂ ಎಸೆಯಲಿಲ್ಲ. ನನ್ನ ಮುಖವನ್ನೇ ನೋಡಿದಳು. ಚೌಕಟ್ಟನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೂತಳು. ನಾಲ್ಕು ದಿನ ಬಿಟ್ಟು ಅವಳೇ ಕೇಳಿದಳು: ‘ನಿಮ್ಮ ಅಂಗಡಿಯಾಗ ಈ ಕಣ್ಣು ತಿರುಗಿ ತರ್ಲಿಕ್ಕಿ ಆಗ್ತದೇನು?’

ನನ್ನ ಅಂಗಡಿ ಎಂದರೆ ಸದಾಶಿವ ಪೇಠೆಯ ಒಂದು ಗೂಡು. ಪಾಸ್‌ಪೋರ್ಟ್ ಫೋಟೋ, ಝೆರಾಕ್ಸ್, ಲ್ಯಾಮಿನೇಶನ್. ಮಾಲೀಕರು ಎಪ್ಪತ್ತು ದಾಟಿದ ಮರಾಠಿ ಮುದುಕರು, ನನಗೆ ಕಾಕಾ. ಪ್ರತಿ ಮಾತನ್ನೂ ನಮ್ಮ ‘ಅಂದರೆ’ಯಂಥ ‘ಮ್ಹಣಜೆ’ಯಿಂದಲೇ ಶುರು ಮಾಡುವವರು, ಗಿರಾಕಿ ಬಂದರೆ ಕನ್ನಡಕವನ್ನು ಹಣೆಗೇರಿಸಿ ‘ಇವನು ಯಾಕೆ ಬಂದ’ ಎಂಬಂತೆ ನೋಡುವವರು. ಅವರ ನಕಲು ನನ್ನ ಎರಡನೆಯ ಹೆಸರಾಂತ ಐಟಂ. ಅವರ ಎದುರಿಗೇ ಮಾಡುತ್ತೇನೆ. ‘ಕನ್ನಡಕ ಇನ್ನೂ ಮೇಲೆ ಹೋಗಬೇಕು’ ಎಂದು ತಿದ್ದುತ್ತಾರೆ.

ಆಗ ಅಂಗಡಿಗೊಂದು ಹೊಸ ಯಂತ್ರ ತರುವ ಮಾತು ನಡೆದಿತ್ತು. ಅಕ್ಕಪಕ್ಕದ ವಾಡೆಗಳನ್ನು ಕೆಡವಿ ಫ್ಲಾಟು ಕಟ್ಟುತ್ತಿದ್ದರು. ಮನೆ ಖಾಲಿ ಮಾಡುವಾಗ ಅಟ್ಟದ ಪೆಟ್ಟಿಗೆಗಳಿಂದ ಹಳೆಯ ಸ್ಲೈಡುಗಳು, ನೆಗೆಟಿವ್‌ಗಳು ಉದುರುತ್ತಿದ್ದವು. ‘ಇವನ್ನು ಫೋನಿನಲ್ಲಿ ನೋಡುವ ಹಾಗೆ ಮಾಡಿಕೊಡ್ತೀರಾ’ ಎಂದು ದಿನಕ್ಕೊಬ್ಬರು ಕೇಳುತ್ತಿದ್ದರು. ಸ್ಕ್ಯಾನರ್ ಆರಿಸುವ ಕೆಲಸವನ್ನು ಕಾಕಾ ನನಗೆ ಒಪ್ಪಿಸಿದರು.

ನೋಡಿದ್ದು ಮೂರು. ಮೊದಲನೆಯದು ಟಿಫಿನ್ ಡಬ್ಬಿಯಷ್ಟೇ ಇರುವ ಪುಟ್ಟದು. ಸ್ಲೈಡನ್ನು ಬಾಯಿಗೆ ತುರುಕಿದರೆ ಒಳಗಿನ ಕ್ಯಾಮೆರಾ ಚಟಕ್ಕನೆ ಫೋಟೋ ಹೊಡೆದು ಕೊಡುತ್ತದೆ. ಕೆಲಸ ಬೇಗ, ಚಿತ್ರ ಸುಮಾರು. ನೆರಳಿನ ಭಾಗವೆಲ್ಲ ಕಾಡಿಗೆ. ಎರಡನೆಯದು ನಿವೃತ್ತ ಮೇಷ್ಟರೊಬ್ಬರು ಮಾರಲಿಟ್ಟಿದ್ದ ಹಳೆಯ ಫಿಲ್ಮ್ ಸ್ಕ್ಯಾನರ್. ಚಿತ್ರ ಅಂದರೆ ಚಿತ್ರ, ಸ್ಲೈಡಿನೊಳಗಿನ ಹಿಮಕ್ಕೆ ಕೈ ತಣ್ಣಗಾಗಬೇಕು. ಆದರೆ ಅದನ್ನು ನಡೆಸಲು ಅಷ್ಟೇ ಹಳೆಯ ಕಂಪ್ಯೂಟರ್ ಬೇಕು, ಕೆಟ್ಟರೆ ರಿಪೇರಿಗೆ ಯಾರೂ ಇಲ್ಲ. ‘ಮ್ಹಣಜೆ, ನನ್ನ ಹಾಗೆಯೇ’ ಎಂದರು ಕಾಕಾ. ಮೂರನೆಯದು ಝೆರಾಕ್ಸ್ ಯಂತ್ರದ ತಮ್ಮನಂತೆ ಮಲಗಿರುವ ಅಗಲ ಸ್ಕ್ಯಾನರ್; ಮುಚ್ಚಳದೊಳಗೂ ದೀಪ. ನಿಧಾನ, ಧೂಳೆಂದರೆ ಅದಕ್ಕೆ ಪ್ರಾಣ. ಆದರೆ ಸ್ಲೈಡು, ಸಣ್ಣ ನೆಗೆಟಿವ್, ಅಗಲ ನೆಗೆಟಿವ್ ಎಲ್ಲಕ್ಕೂ ಬೇರೆ ಬೇರೆ ಚೌಕಟ್ಟು ಇದ್ದವು. ಕಾಕಾ ಮನಸ್ಸು ಟಿಫಿನ್ ಡಬ್ಬಿಯ ಮೇಲಿತ್ತು. ನನ್ನದೂ ಅದೇ, ಬೇಗ ಮುಗಿಯುವ ಕೆಲಸಗಳೆಲ್ಲ ನನಗೆ ಇಷ್ಟ.

ಅವ್ವ ಕೇಳಿದ ದಿನವೇ ನಾನು ಎದೆ ಉಬ್ಬಿಸಿದ್ದೆ. ‘ನೆಗೆಟಿವ್ ಅದ ಏನು?’

‘ಅದ.’

‘ಮತ್ತ ಮುಗೀತಲ್ಲ! ಹೊಸಾ ಫೋಟೋ, ಹೊಸಾ ಕಣ್ಣು.’

‘ಅದ್ರಾಗ ಆ ಕಣ್ಣು ಇಲ್ಲ, ತಮ್ಮಾ.’

ನನಗೆ ನಗು ಬಂತು. ಸ್ಕ್ಯಾನರ್ ಮಾರುವ ಹುಡುಗನ ದನಿ ತೆಗೆದೆ. ‘ನೋಡ್ರಿ ಮೇಡಂ, ನೆಗೆಟಿವ್‌ನಾಗ ಇಲ್ಲದ್ದು ಫೋಟೋದಾಗ ಬರಂಗಿಲ್ರಿ. ಫೋಟೋ ಮರಿತದ, ನೆಗೆಟಿವ್ ಮರೆಯಂಗಿಲ್ರಿ. ಗ್ಯಾರಂಟಿ!’

ಅವ್ವ ಟ್ರಂಕು ತೆಗೆದು, ತಳದಿಂದ ಒಂದು ಕಂದು ಲಕೋಟೆ ಎತ್ತಿದಳು. ನನ್ನ ಕೈಗೆ ಕೊಟ್ಟ ಮೇಲೂ ಅದರ ಒಂದು ಮೂಲೆ ಅವಳ ಬೆರಳುಗಳಲ್ಲೇ ಇತ್ತು. ‘ಹಂಗಾದ್ರ ನೀನೇ ನೋಡು’ ಎಂದು ಬಿಟ್ಟಳು.

ಒಳಗಿದ್ದದ್ದು ಮೂರು ಬೆರಳಗಲದ ಚೌಕ ನೆಗೆಟಿವ್. ಟ್ಯೂಬ್‌ಲೈಟಿಗೆ ಹಿಡಿದೆ. ಮುಖ ಕಪ್ಪು, ವಿಭೂತಿ ಕಪ್ಪು, ಜಡೆ ಎರಡೂ ಬೆಳ್ಳಗೆ. ಆರು ವರ್ಷದ ಅಕ್ಕನಿಗೆ ತಲೆ ನರೆತಿತ್ತು. ‘ಅವ್ವಾ, ಇಕಿ ನಿನಕಿಂತ ಮುದುಕ್ಯಾಗ್ಯಾಳ ನೋಡ್ ಬಾ’ ಎಂದೆ. ಅವ್ವ ಬರಲಿಲ್ಲ.

ಮರುದಿನ ಮಾರುವವನು ತೋರಿಸಲೆಂದು ಬಿಟ್ಟುಹೋಗಿದ್ದ ಟಿಫಿನ್ ಡಬ್ಬಿಯ ಬಾಯಿಗೆ ಅದನ್ನು ಹಿಡಿದೆ. ಹಿಡಿಸಲೇ ಇಲ್ಲ, ಅದರ ಬಾಯಿ ಸ್ಲೈಡಿನಷ್ಟೇ ಅಗಲ. ಆ ಕ್ಷಣದಿಂದ ನಾನು ಅಗಲ ಸ್ಕ್ಯಾನರಿನ ವಕೀಲನಾದೆ. ‘ಕಾಕಾ, ವಾಡೆಯ ಪೆಟ್ಟಿಗೆಗಳಲ್ಲಿ ನಿಜವಾದ ಹಳೆಯ ಮಾಲೆಲ್ಲ ಅಗಲ ನೆಗೆಟಿವ್. ಅಜ್ಜ ಅಜ್ಜಿಯರ ಲಗ್ನ, ಮುಂಜಿ. ಅವನ್ನು ತಂದವರಿಗೆ ಏನು ಹೇಳ್ತೀರಿ?’ ಅವರ ದನಿಯಲ್ಲೇ ಅವರಿಗೆ ಭಾಷಣ ಮಾಡಿದೆ. ಕನ್ನಡಕ ಹಣೆಗೇರಿತು, ಇಳಿಯಿತು, ಮತ್ತೆ ಏರಿತು. ವಾರದೊಳಗೆ ಅಗಲ ಸ್ಕ್ಯಾನರ್ ಅಂಗಡಿಗೆ ಬಂತು. ನಾನು ಅಂಗಡಿಯ ಹಿತಕ್ಕೆ ವಾದಿಸಿದೆ ಎಂದು ಕಾಕಾ ನಂಬಿದ್ದರು. ಅರ್ಧದಷ್ಟು ನಾನೂ ನಂಬಿದ್ದೆ.

ಮಧ್ಯಾಹ್ನ ಒಂದಕ್ಕೆ ಕಾಕಾ ಬಾಗಿಲು ಎಳೆದುಕೊಂಡು ಮೇಲಿನ ಮನೆಗೆ ನಿದ್ದೆಗೆ ಹೋದರು. ನಾನು ಗಾಜು ಒರೆಸಿ, ಗಾಳಿ ಊದಿ, ನೆಗೆಟಿವನ್ನು ಚೌಕಟ್ಟಿನಲ್ಲಿ ಕೂರಿಸಿ ಮುಚ್ಚಳ ಹಾಕಿದೆ. ಪರದೆಯ ಮೇಲೆ ಮೊದಲು ಬಂದದ್ದು ಬೆರಳಷ್ಟು ಚಿತ್ರ. ಹುಬ್ಬಿನ ಕೆಳಗೆ ಎರಡು ಕಪ್ಪು ಮಚ್ಚೆ. ನೆರಳು ಅಂದುಕೊಂಡೆ. ಹಿಗ್ಗಿಸಿ ಮತ್ತೊಮ್ಮೆ ಓಡಿಸಿದೆ. ಕಣ್ಣು ಸ್ಪಷ್ಟವಿಲ್ಲ. ಫಿಲ್ಮು ಬಾಗಿರಬೇಕು ಎಂದು ತೆಗೆದು, ಪುಸ್ತಕದ ಕೆಳಗೆ ಅರ್ಧ ಗಂಟೆ ಒತ್ತಿಟ್ಟು ಮತ್ತೆ ಕೂರಿಸಿದೆ. ಬರಲಿಲ್ಲ. ಮಗ್ಗುಲು ಬದಲಿಸಿದೆ. ಬರಲಿಲ್ಲ. ಯಂತ್ರಕ್ಕೆ ಕನ್ನಡದಲ್ಲೂ ಮರಾಠಿಯಲ್ಲೂ ಬೈದೆ. ಕೊನೆಗೆ ಅದರ ಕೈಲಾಗುವ ಅತಿ ಸೂಕ್ಷ್ಮಕ್ಕೆ ಇಟ್ಟು, ಮುಖವೊಂದನ್ನೇ ಓಡಿಸಿದೆ. ದೀಪ ಇಂಚಿಂಚೇ ಸರಿಯಿತು.

ಯಂತ್ರದ್ದು ಏನೂ ತಪ್ಪಿರಲಿಲ್ಲ. ರೆಪ್ಪೆಯ ಕೂದಲುಗಳನ್ನು ಎಣಿಸಬಹುದಿತ್ತು. ಅವು ಕೆನ್ನೆಯ ಮೇಲೆ ಮಲಗಿದ್ದವು.

ಆಮೇಲೆ ಉಳಿದದ್ದು ಕಂಡಿತು. ಹಿಂದೆ ಸ್ಟುಡಿಯೋದ ಪರದೆ ಇರಲಿಲ್ಲ, ತಗಡಿಗೆ ಕಟ್ಟಿದ ಸೀರೆ ಇತ್ತು. ಫ್ರಾಕಿಗೆ ನಿರಿಗೆಯ ಕೊರಳಪಟ್ಟಿ ಇರಲಿಲ್ಲ. ಅಲ್ಲಿ, ಸೀರೆಯ ಹಿಂದಿನಿಂದ ಬಂದ ಒಂದು ಕೈ, ಗದ್ದ ಜಾರದ ಹಾಗೆ ಕೆಳಗಿನಿಂದ ಎತ್ತಿ ಹಿಡಿದಿತ್ತು. ಹೆಬ್ಬೆರಳಿನ ಉಗುರು ಎರಡಾಗಿ ಸೀಳಿತ್ತು. ಕಲ್ಲು ಬಿದ್ದು ಸೀಳಿದ ಆ ಉಗುರು ಈಗಲೂ ಹಾಗೇ ಇದೆ. ಅಪ್ಪ ರೊಟ್ಟಿ ಮುರಿಯುವಾಗ ದಿನಾ ನೋಡುತ್ತೇನೆ.

ನಮ್ಮ ಮಂದಿಯಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ ಕೂಡಿಸುತ್ತಾರೆ, ಕೂಡಿಸಿಯೇ ಮಣ್ಣು ಕೊಡುತ್ತಾರೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಅಷ್ಟು ವರ್ಷ ಅಷ್ಟು ಹತ್ತಿರದಿಂದ ಆ ಫೋಟೋವನ್ನು ನೋಡಿ, ಅದರ ಒಂದೊಂದು ಸ್ನಾಯುವನ್ನೂ ನನ್ನ ಮುಖಕ್ಕೆ ಇಳಿಸಿಕೊಂಡವನಿಗೆ ಇದೊಂದು ಹೊಳೆದಿರಲಿಲ್ಲ.

ಕಾಕಾ ಯಾವಾಗ ಇಳಿದು ಬಂದರೋ ತಿಳಿಯಲಿಲ್ಲ. ಹಿಂದೆ ಚಹಾದ ಲೋಟ ಇಟ್ಟ ಸದ್ದಾಯಿತು.

‘ಕೋಣ ರೇ ಹೀ?’ ಯಾರೋ ಇವಳು, ಎಂದು ಕೇಳಿದರು.

‘ಮಾಝೀ ಬಹೀಣ’ ಎಂದೆ. ನನ್ನ ಅಕ್ಕ.

ಕನ್ನಡಕ ಹಣೆಗೇರಲಿಲ್ಲ. ಪರದೆಗೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಸ್ಟೂಲ್ ಎಳೆದು ಕೂತರು. ಹರೆಯದಲ್ಲಿ ಒಂದು ಸ್ಟುಡಿಯೋದಲ್ಲಿ ಈ ಕೆಲಸವನ್ನು ತಾನೂ ಮಾಡಿದ್ದೆ ಎಂದರು. ಅದಕ್ಕೆ ಅವರು ‘ಕಣ್ಣು ತೆರೆಯುವುದು’ ಎನ್ನುತ್ತಿದ್ದರಂತೆ. ತಮ್ಮವರು ಬದುಕಿದ್ದಾಗ ಫೋಟೋ ತೆಗೆಸದವರು, ಅವರು ಹೋದ ಮೇಲೆ ಓಡಿಬರುವರು. ಫೋಟೋ ತೊಳೆದು ಒಣಗಿಸಿ, ಮುಚ್ಚಿದ ರೆಪ್ಪೆಯ ಮೇಲೆ ಅತಿ ಸಣ್ಣ ಕುಂಚದಿಂದ ಕಣ್ಣು ಬರೆಯುವುದು. ಹಿಡಿದ ಕೈಗಳನ್ನು ಬಟ್ಟೆಯ ನಿರಿಗೆಯೋ ಹೂವಿನ ಹಾರವೋ ಮಾಡಿ ಮುಚ್ಚುವುದು.

‘ಕಣ್ಣನ್ನು ಸುಮ್ಮನೆ ಬರೆಯಲು ಬರುವುದಿಲ್ಲ’ ಎಂದರು. ‘ನೋಡಿದವರು ನಮ್ಮದಲ್ಲ ಅಂತಾರೆ. ಅದಕ್ಕೇ ಮೊದಲು ಕೇಳುತ್ತಿದ್ದೆವು, ಮಗುವಿಗೆ ಯಾರ ಕಣ್ಣು ಅಂತ. ಅವರನ್ನೇ ಎದುರಿಗೆ ಕೂರಿಸಿಕೊಂಡು ಬರೆಯುತ್ತಿದ್ದೆವು.’

ಹತ್ತು ನಿಮಿಷ ತಡವಾದರೆ ಗೋಡೆಯ ಗಡಿಯಾರಕ್ಕೆ ಬೆರಳು ತೋರಿಸುವ ಕಾಕಾ, ‘ಮನೆಗೆ ಹೋಗು’ ಎಂದರು. ಮೂರೂವರೆಯೂ ಆಗಿರಲಿಲ್ಲ.

ಅವ್ವ ಹೊಸಲಿನ ಬಳಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಹೊತ್ತಲ್ಲದ ಹೊತ್ತಿಗೆ ಬಂದವನನ್ನು ನೋಡಿ ‘ಕೆಲಸದಾಗಿಂದ ತೆಗದ್ರೇನು?’ ಎಂದಳು. ಬೇರೆ ದಿನವಾಗಿದ್ದರೆ ನನಗೆ ಹತ್ತು ಜವಾಬು ಇದ್ದವು. ಎದುರಿಗೆ ಕೂತು ನಾನೂ ಎಲೆ ಬಿಡಿಸತೊಡಗಿದೆ.

‘ನೋಡಿ ಬಂದಿ’ ಎಂದಳು. ಕೇಳಿದ್ದಲ್ಲ.

‘ಹ್ಞೂಂ. ಅವ್ವಾ, ಕಣ್ಣು ಯಾರವು?’

ಕಡ್ಡಿಗಳನ್ನು ಒಂದು ಕಡೆ ಸರಿಸಿದಳು. ‘ಸಾಲಿಗಿ ಹಾಕೋ ಮುಂದ ಫೋಟೋ ಬೇಕಾಗ್ತದ, ಆವಾಗ ತೆಗಸಿದ್ರಾತು ಅಂದಿದ್ವಿ. ಅಷ್ಟರಾಗ ಹಿಂಗಾತು. ನಿಮ್ಮಪ್ಪ ಓಡಿಹೋಗಿ ಫೋಟೋದಂವನ್ನ ನಾವಿದ್ದ ಸೈಟಿಗೇ ಕರ್ಕೊಂಡು ಬಂದ. ಮಣ್ಣು ಮಾಡಿ ಮೂರನೇ ದಿನ ಅಂವ ಸ್ಟುಡಿಯೋಕ್ಕ ಬಾ ಅಂದ. ಪೋರಿ ಕಣ್ಣು ಯಾರಂಗ ಅಂತ ಕೇಳ್ದ. ನಿಮ್ಮಪ್ಪ ನನ್ನ ಕಡಿ ಕೈ ಮಾಡ್ದ.’

‘ಮತ್ತ?’

‘ಸ್ಟೂಲ್ ಮ್ಯಾಲ ಕೂಡ್ಸಿದ. ನಾ ಅಳ್ಲಕತ್ತಿದ್ದೆ. ತಾಯಿ, ಜರಾ ಹೊತ್ತು ಅಳಬ್ಯಾಡ್ರಿ, ಅತ್ರ ಕಣ್ಣು ಸಣ್ಣ ಆಗ್ತಾವ, ತೆರದು ಹಿಡೀರಿ ಅಂದ. ಹಿಡದೆ. ಒಂದು ಕಣ್ಣು ಆತು, ಇನ್ನೊಂದು ಅಂದ. ಅದೂ ಹಿಡದೆ.’

ತಿಕೀಟಿಲ್ಲದೆ ಸಿಕ್ಕಿಬಿದ್ದವರ ಕಣ್ಣು. ಇಪ್ಪತ್ತು ವರ್ಷ ಅದರ ಮೇಲೆ ಚಪ್ಪಾಳೆ ಗಿಟ್ಟಿಸಿದ್ದೆ. ಗಲ್ಲಿಯಲ್ಲಿ, ಲಗ್ನಗಳಲ್ಲಿ, ಒಮ್ಮೆ ಗಣಪತಿ ಮಂಟಪದಲ್ಲಿ ಮೈಕು ಹಿಡಿದು. ಅವ್ವ ಪ್ರತಿ ಸಲ ಮುಂದಿನ ಸಾಲಿನಲ್ಲಿದ್ದಳು.

‘ನನಗ ಒಂದು ಕಪಾಳಕ್ಕ ಬಿಗಿದು ಬ್ಯಾಡ ಅನ್ನಬಾರದಿತ್ತೇನವ್ವಾ?’

‘ಯಾಕನ್ಲಿ?’ ಎಂದಳು. ‘ಫೋಟೋ ಪಿಳುಕಸಂಗಿಲ್ಲ. ನೀ ಕಡೀಕ ಎರಡು ಸಲ ಪಿಳುಕಸ್ತಿದ್ದಿ. ಅಷ್ಟು ನೋಡೂದಿತ್ತು ನನಗ.’

ಸೊಪ್ಪು ಮುಗಿದಿತ್ತು. ಖಾಲಿ ಕಡ್ಡಿಗಳಲ್ಲೇ ನಾವಿಬ್ಬರೂ ಎಲೆ ಹುಡುಕುತ್ತ ಕೂತಿದ್ದೆವು.

ಆಮೇಲಿನ ಒಂದು ವಾರ ಕಂಪ್ಯೂಟರಿನಲ್ಲಿ ಗುದ್ದಾಡಿದೆ. ಮುಚ್ಚಿದ ಕಣ್ಣನ್ನು ತೆರೆಸುವ ಹಿಕಮತ್ತುಗಳು ಈಗ ಫೋನಿನಲ್ಲೇ ಇವೆ. ಒತ್ತಿದ ತಕ್ಷಣ ಕಣ್ಣು ಬಂದವು. ಫಳಫಳ ಹೊಳೆಯುವ, ನಗುವ ಕಣ್ಣು. ಅವ್ವನಿಗೆ ತೋರಿಸಿದೆ. ‘ಯಾರ ಮಗಳೋ ಪಾಪ, ಛಲೋ ಅದಾಳ’ ಎಂದು ಫೋನು ಮರಳಿಸಿದಳು. ಹಾಗಾದರೆ ನಿನ್ನವೇ ಕೊಡು ಎಂದೆ. ಅವಳ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಇನ್ನೊಂದು ಸರದಿಯಲ್ಲಿದೆ. ‘ಇವು ಮುದುಕಿ ಕಣ್ಣು. ಅಕಿಗಿ ಆರು ವರ್ಷ’ ಎಂದಳು. ಆಮೇಲೆ, ‘ನಿನ್ನವು ನನ್ನಂಗೇ ಅದಾವ ಅಂತಾರ ಎಲ್ರೂ. ನೀ ಮಾಡ್ತಿದ್ದಿಯಲ್ಲ ಅದನ್ನ, ಮಾಡು’ ಎಂದಳು.

ಆ ಸೋಮವಾರ ನನಗೆ ರಜೆ. ಬೆಳಗಿನ ಬೆಳಕು ಬಾಗಿಲಿಂದ ಜೋಳದ ಡಬ್ಬಿಯವರೆಗೆ ಬಂದಿತ್ತು. ಒಣಗಿದ ಗೋಡೆಗೆ ಬೆನ್ನು ಹಚ್ಚಿ ಕೂತೆ. ಅಪ್ಪ ಕೆಲಸಕ್ಕೆ ಹೊರಟವನು ಚಪ್ಪಲಿ ಮೆಟ್ಟಿಕೊಂಡೇ ಬಾಗಿಲಲ್ಲಿ ನಿಂತ. ಅವ್ವ ಫೋನು ಹಿಡಿದಳು. ಮೊದಲನೆಯ ಫೋಟೋದಲ್ಲಿ ಅವಳ ಬೆರಳು ಬಂತು, ಎರಡನೆಯದರಲ್ಲಿ ಫ್ಯಾನು. ‘ಫ್ಯಾನಿಂದು ಕಣ್ಣು ಛಲೋ ಬಂದಾವ’ ಎಂದೆ.

‘ನಗಬ್ಯಾಡ’ ಎಂದಳು.

ಗದ್ದ ಎತ್ತಿದೆ. ಕೊರಳು ಬಿಗಿಹಿಡಿದೆ. ಸಾವಿರ ಸಲ ಮಾಡಿದ ಮುಖ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವ ಮುಖ. ಕಣ್ಣು ಅರಳಲಿಲ್ಲ. ಅಂಚಿನಲ್ಲಿ ಏನೋ ತುಂಬಿಕೊಂಡು ತಾನಾಗಿ ಸಣ್ಣದಾಗುತ್ತಿತ್ತು. ಮತ್ತೊಮ್ಮೆ ಮಾಡಿದೆ. ಮತ್ತೂ ಸಣ್ಣದಾಯಿತು.

ಬಾಗಿಲಲ್ಲಿದ್ದ ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಸೀಳಿದ ಉಗುರಿನ ಆ ಹೆಬ್ಬೆರಳನ್ನು ನನ್ನ ಗದ್ದದ ಕೆಳಗೆ ಇಟ್ಟು ಮೇಲಕ್ಕೆತ್ತಿ ಹಿಡಿದ. ಕೈಯಲ್ಲಿ ಸಿಮೆಂಟಿನ ವಾಸನೆ ಇತ್ತು.

‘ಜರಾ ಹೊತ್ತು ಅಳಬ್ಯಾಡ’ ಎಂದಳು ಅವ್ವ. ‘ತೆರದು ಹಿಡಿ.’

ಹಿಡಿದೆ.

ಫೋನು ಎರಡು ಸಲ ಚಟಕ್ಕೆಂದಿತು. ಅವ್ವ ಪರದೆಯನ್ನು ನೋಡುತ್ತ ನಿಂತಳು. ನಾನು ‘ಒಲಿ ಮ್ಯಾಲ ಹಾಲದ’ ಎಂದು ಎದ್ದು ಒಳಗೆ ಹೋದೆ.

‘ಹೋಗು’ ಎಂದಳು ಅವ್ವ.

ಒಲೆ ಹಚ್ಚಿರಲಿಲ್ಲ.